ಗೊತ್ತಿಲ್ಲದ ಊರಲ್ಲಿ ಫ್ಲೈ ಫಿಶಿಂಗ್‌ಗೆ ಒಳ್ಳೆಯ ಹೊಳೆ ಹುಡುಕುವುದು ಹೇಗೆ? ತಣ್ಣೀರಿನ ಜಾಡು ಹಿಡಿಯಿರಿ

ಆಫೀಸ್ ಕೆಲಸದ ಮೇಲೆ ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ಗೆ ಬಂದಿದ್ದೀರಿ. ಅಥವಾ ರಜೆಗೆ ಅಟ್ಲಾಂಟಾದ ಅಕ್ಕನ ಮನೆಗೆ ಹೋಗಿದ್ದೀರಿ. ಬ್ಯಾಗಿನಲ್ಲಿ ನಾಲ್ಕು ತುಂಡಾಗುವ ಫ್ಲೈ ರಾಡ್ (ಕೊಕ್ಕೆಗೆ ಕಟ್ಟಿದ ನಕಲಿ ಕೀಟ, ಅಂದರೆ ಫ್ಲೈ, ಎಸೆದು ಮೀನು ಹಿಡಿಯುವ ಕೋಲು) ಇದೆ, ಕೈಯಲ್ಲಿ ಒಂದು ದಿನದ ಬಿಡುವಿದೆ. ಯಾವ ಹೊಳೆಗೆ ಹೋಗಬೇಕು?

ಸಾಮಾನ್ಯವಾಗಿ ನಾವು ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಆ ರಾಜ್ಯದಲ್ಲಿ ಹೆಸರಾದ ನದಿ ಯಾವುದೆಂದು ಹುಡುಕಿ, ಮೊದಲು ಕಂಡ ಹೆಸರಿಗೆ ಕಾರು ಹತ್ತುತ್ತೇವೆ. ಮೂರು ಗಂಟೆ ಡ್ರೈವ್ ಮಾಡಿ ಹೋದರೆ ಹಿಮ ಕರಗಿದ ಕೆಂಪು ನೀರು ದಡ ತುಂಬಿ ಹರಿಯುತ್ತಿರುತ್ತದೆ. ಇಲ್ಲವೇ ನೀರು ಬೆಚ್ಚಗಾಗಿ ಮೀನು ಸುಸ್ತಾಗಿರುತ್ತದೆ. ನದಿಯ ಹೆಸರು ಎಷ್ಟೇ ದೊಡ್ಡದಿರಲಿ, ಈ ವಾರ ಅಲ್ಲಿನ ನೀರು ಹೇಗಿದೆ ಅನ್ನುವುದೇ ನಿಮಗೆ ಮುಖ್ಯ.

ಹಾಗಾಗಿ ನಾನು ಹೆಸರಿನಿಂದ ಶುರು ಮಾಡುವುದಿಲ್ಲ, ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ: ಈ ಸೀಮೆಯಲ್ಲಿ, ಈ ತಿಂಗಳಲ್ಲಿ, ತಣ್ಣೀರು ಎಲ್ಲಿಂದ ಬರುತ್ತಿದೆ? ಇದಕ್ಕೆ ಉತ್ತರ ಸಿಕ್ಕರೆ ಅಮೆರಿಕದ ಯಾವ ಮೂಲೆಯಲ್ಲಾದರೂ ಅರ್ಧ ದಾರಿ ಸಾಗಿದ ಹಾಗೆ. ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದ ಟ್ರೌಟ್ ಹೊಳೆಗಳ ಬಗ್ಗೆ. ಉದಾಹರಣೆಗೆ ಹೆಚ್ಚಾಗಿ ಡೆನ್ವರ್ ಸುತ್ತಮುತ್ತಲಿನ ಜಾಗಗಳನ್ನೇ ಹಿಡಿದಿದ್ದೇನೆ.

ತಣ್ಣೀರು ಯಾಕೆ?

ಟ್ರೌಟ್‌ಗೆ ಹಿತವಾದ ನೀರು ಸುಮಾರು 50ರಿಂದ 60 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 10ರಿಂದ 16 ಡಿಗ್ರಿ ಸೆಲ್ಸಿಯಸ್. ಇದರ ಹಿಂದಿರುವುದು ಆಮ್ಲಜನಕ. ಸಮುದ್ರಮಟ್ಟದಲ್ಲಿ 0 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಗೆ ಬಂದರೆ ಅದು 9 ಮಿಲಿಗ್ರಾಂ ಆಸುಪಾಸಿಗೆ ಇಳಿಯುತ್ತದೆ. ನೀರು ಬೆಚ್ಚಗಾದಷ್ಟೂ ಮೀನಿನ ದೇಹಕ್ಕೆ ಆಮ್ಲಜನಕ ಜಾಸ್ತಿ ಬೇಕು, ನೀರಿನಲ್ಲಿ ಇರುವುದು ಮಾತ್ರ ಕಡಿಮೆ. ಅದಕ್ಕೇ ಬೇಸಿಗೆಯಲ್ಲಿ ತಣ್ಣೀರಿನ ಮೂಲ ಇರುವಲ್ಲಿ ಮಾತ್ರ ಟ್ರೌಟ್ ಆರಾಮಾಗಿ ಬದುಕುತ್ತದೆ.

ಆ ಮೂಲಗಳು ಮುಖ್ಯವಾಗಿ ಮೂರು: ಎತ್ತರ, ಅಣೆಕಟ್ಟಿನ ತಳ, ಸುಣ್ಣಕಲ್ಲಿನ ಒರತೆ.

ಎತ್ತರದ್ದು ಸುಲಭವಾಗಿ ಅರ್ಥವಾಗುತ್ತದೆ. ಬೆಟ್ಟದ ಮೇಲೆ ಹಿಮ ಕರಗಿ, ಕಲ್ಲುಗಳ ಮೇಲೆ ಹಾರಿ ಬರುವ ಹಳ್ಳಗಳಿವು. ಇವನ್ನು ಫ್ರೀಸ್ಟೋನ್ ಅನ್ನುತ್ತಾರೆ. ತಡೆಯುವ ದೊಡ್ಡ ಕಟ್ಟೆ ಮೇಲೆಲ್ಲೂ ಇಲ್ಲದ ಕಾರಣ ಹವಾಮಾನ ಬದಲಾದ ಹಾಗೆ ನೀರೂ ಬದಲಾಗುತ್ತದೆ. ಕೊಲರಾಡೊದಲ್ಲಿ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಇವು ಉಕ್ಕುತ್ತವೆ. ಜುಲೈನಲ್ಲಿ ತಿಳಿಯಾಗುತ್ತವೆ. ಆಗಸ್ಟ್, ಸೆಪ್ಟೆಂಬರ್ ಇವುಗಳ ಹಬ್ಬದ ಕಾಲ.

ಎರಡನೆಯದು ಅಣೆಕಟ್ಟಿನ ತಳ. ಹೊಸ ಊರಿಗೆ ಹೋದವರಿಗೆ ಇದೇ ದೊಡ್ಡ ಆಸರೆ. ಆಳವಾದ ಜಲಾಶಯದಲ್ಲಿ ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದರೂ ತಳದ ನೀರು ತಣ್ಣಗೇ ಇರುತ್ತದೆ. ತೂಬು ತಳದಲ್ಲಿದ್ದರೆ ಕೆಳಗಿನ ಹೊಳೆಗೆ ಬರುವುದು ಆ ತಣ್ಣನೆಯ, ತಿಳಿಯಾದ ನೀರು. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟದೆ ಹರಿಯುತ್ತದೆ. ಹೀಗಾಗಿ ವರ್ಷಪೂರ್ತಿ ಮೀನು ಸಿಗುತ್ತದೆ. ಇಂಥ ಹೊಳೆಗೆ ಟೇಲ್‌ವಾಟರ್ ಅನ್ನುತ್ತಾರೆ.

ಅಟ್ಲಾಂಟಾದ ಸೆಕೆ ಗೊತ್ತಲ್ವಾ? ಅಷ್ಟು ಸೆಕೆಯ ಊರಿನ ಪಕ್ಕದಲ್ಲೇ ಚಾಟಹೂಚಿ ನದಿಯಲ್ಲಿ ಟ್ರೌಟ್ ಬದುಕಿದೆ. ಬ್ಯೂಫರ್ಡ್ ಅಣೆಕಟ್ಟು ಲೇನಿಯರ್ ಸರೋವರದ ತಳದಿಂದ ನೀರು ಬಿಡುವುದೇ ಇದಕ್ಕೆ ಕಾರಣ. ಸ್ಯಾನ್ ಫ್ರಾನ್ಸಿಸ್ಕೊ ಕಡೆಯವರಿಗೆ ಮಾಂಟಿಸೆಲೊ ಅಣೆಕಟ್ಟಿನ ಕೆಳಗಿನ ಪ್ಯೂಟಾ ಕ್ರೀಕ್ ಇದೆ. ಟೆಕ್ಸಸ್‌ನ ಆಸ್ಟಿನ್ ಕಡೆಯವರಿಗೆ ಕ್ಯಾನ್ಯನ್ ಜಲಾಶಯದ ಕೆಳಗೆ ಗ್ವಾಡಲೂಪೆ ಇದೆ. ಇಲ್ಲೆಲ್ಲ ಅಣೆಕಟ್ಟು ಇಲ್ಲದಿದ್ದರೆ ಬೇಸಿಗೆಯಲ್ಲಿ ಟ್ರೌಟ್ ಉಳಿಯುವುದೇ ಕಷ್ಟವಿತ್ತು.

ಒಂದು ಎಚ್ಚರಿಕೆ. ಕಟ್ಟೆ ಕಂಡಲ್ಲೆಲ್ಲ ತಣ್ಣೀರು ಇರುತ್ತದೆ ಎಂದುಕೊಳ್ಳಬೇಡಿ. ಹಳೆಯ ಗಿರಣಿಗಳ ಗಿಡ್ಡ ಕಟ್ಟೆಗಳು ಮೇಲಿನ ಬಿಸಿನೀರನ್ನೇ ಕೆಳಗೆ ಚೆಲ್ಲುತ್ತವೆ. ಅಂಥ ಕಟ್ಟೆಯ ಕೆಳಗೆ ಹೊಳೆ ಇನ್ನಷ್ಟು ಬೆಚ್ಚಗಾಗುತ್ತದೆ. ಜಲಾಶಯ ಆಳವಾಗಿದೆಯೇ, ನೀರು ಯಾವ ಮಟ್ಟದಿಂದ ಹೊರಬರುತ್ತದೆ ಎಂದು ನೋಡಿಕೊಳ್ಳಿ.

ಮೂರನೆಯದು ಒರತೆ. ಸುಣ್ಣಕಲ್ಲಿನ ನೆಲದಲ್ಲಿ ಮಳೆನೀರು ಒಳಗಿಳಿದು, ನೆಲದಡಿಯ ತಂಪು ಹೊತ್ತು ಮೇಲೆ ಬರುತ್ತದೆ. ಪೆನ್ಸಿಲ್ವೇನಿಯಾದ ಒರತೆಗಳಲ್ಲಿ ಬೇಸಿಗೆಯಿರಲಿ ಚಳಿಯಿರಲಿ ನೀರು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಇರುತ್ತದೆ. ಕಾರ್ಲೈಲ್ ಊರಿನ ಲಿಟಾರ್ಟ್ ಸ್ಪ್ರಿಂಗ್ ರನ್, ಸ್ಟೇಟ್ ಕಾಲೇಜ್ ಬಳಿಯ ಸ್ಪ್ರಿಂಗ್ ಕ್ರೀಕ್ ಇಂಥವು. ಶಿಕಾಗೊ ಅಥವಾ ಮಿನಿಯಾಪೊಲಿಸ್‌ನಲ್ಲಿದ್ದರೆ ವಿಸ್ಕಾನ್ಸಿನ್‌ನ ನೈಋತ್ಯ ಮೂಲೆಯ ಡ್ರಿಫ್ಟ್‌ಲೆಸ್ ಸೀಮೆ ಕೈಗೆಟುಕುತ್ತದೆ. ಹಸು ಮೇಯುವ ಹುಲ್ಲುಗಾವಲಿನ ನಡುವೆ ಹಾರಿ ದಾಟುವಷ್ಟು ಕಿರಿದಾದ ತೊರೆಗಳು. ಒಳಗೆ ನೋಡಿದರೆ ಬ್ರೌನ್ ಟ್ರೌಟ್. ಸುಣ್ಣದ ಅಂಶದಿಂದ ಜೊಂಡು, ಸೀಗಡಿಯಂಥ ಹುಳು, ಜಲಕೀಟ ಎಲ್ಲವೂ ಸಮೃದ್ಧ. ಇಷ್ಟು ಚೆಂದದ ನೀರು ಬೇರೆ ಕಡೆ ನೋಡಿಲ್ಲ ಅನ್ನುವಷ್ಟು ನನಗೆ ಈ ತೊರೆಗಳು ಇಷ್ಟ.

ಹಂತ 1: ನಕ್ಷೆಯಲ್ಲಿ ಸುತ್ತು ಹಾಕಿ

ನೀವು ಉಳಿದುಕೊಂಡಿರುವ ಜಾಗದಿಂದ ಒಂದೂವರೆ ಗಂಟೆಯ ಡ್ರೈವ್ ದೂರಕ್ಕೆ ಒಂದು ಸುತ್ತು ಹಾಕಿಕೊಳ್ಳಿ. ಅದರೊಳಗಿನ ನೀಲಿ ಗೆರೆಗಳನ್ನು ಒಂದೊಂದಾಗಿ ಮೇಲ್ಮುಖವಾಗಿ ಹಿಂಬಾಲಿಸಿ. ಗೆರೆ ಎಲ್ಲಿ ಮುಗಿಯುತ್ತದೆ? ಜಲಾಶಯದಲ್ಲೋ, ಎತ್ತರದ ಬೆಟ್ಟದಲ್ಲೋ, ಸಮತಟ್ಟು ನೆಲದ ಒರತೆಯಲ್ಲೋ? ಪ್ರತಿ ಗೆರೆಗೂ ಅದರ ಮೂಲ ಬರೆದಿಟ್ಟುಕೊಳ್ಳಿ.

ಡೆನ್ವರ್‌ನಲ್ಲಿ ಜೂನ್ ಕೊನೆ ವಾರ ಅಂದುಕೊಳ್ಳೋಣ. ಪಶ್ಚಿಮಕ್ಕೆ ಕ್ಲಿಯರ್ ಕ್ರೀಕ್ ಇದೆ. ಹೆದ್ದಾರಿಯ ಪಕ್ಕದಲ್ಲೇ ಓಡುತ್ತದೆ. ಮಾರಿಸನ್ ಕಡೆಗೆ ಬೇರ್ ಕ್ರೀಕ್ ಇದೆ. ಎರಡೂ ಹಿಮದ ನೀರನ್ನು ನಂಬಿದವು. ನೈಋತ್ಯಕ್ಕೆ ಸೌತ್ ಪ್ಲಾಟ್ ನದಿ ಇದೆ. ಅದನ್ನು ಮೇಲಕ್ಕೆ ಹಿಂಬಾಲಿಸಿದರೆ 1905ರಲ್ಲಿ ಮುಗಿದ ಚೀಸ್‌ಮನ್ ಅಣೆಕಟ್ಟು ಸಿಗುತ್ತದೆ. ಇನ್ನೂ ಮೇಲೆ ಹೋದರೆ ಇಲೆವೆನ್‌ಮೈಲ್ ಮತ್ತು ಸ್ಪಿನ್ನಿ ಮೌಂಟನ್ ಜಲಾಶಯಗಳಿವೆ. ವಾಯವ್ಯಕ್ಕೆ ಎಸ್ಟಿಸ್ ಪಾರ್ಕ್ ಊರಿನ ಒಲಿಂಪಸ್ ಅಣೆಕಟ್ಟಿನ ಕೆಳಗೆ ಬಿಗ್ ಥಾಂಪ್ಸನ್ ಇದೆ.

ಈಗ ಯೋಚಿಸಿ. ಜೂನ್ ಕೊನೆಯಲ್ಲಿ ಕ್ಲಿಯರ್ ಕ್ರೀಕ್ ಉಕ್ಕುತ್ತಿರುವ ಸಾಧ್ಯತೆಯೇ ಜಾಸ್ತಿ. ಹೀಗಾಗಿ ಅಣೆಕಟ್ಟಿನ ಕೆಳಗಿನ ನೀರು ಮೊದಲ ಆಯ್ಕೆ. ಅದೇ ಆಗಸ್ಟ್ ಕೊನೆ ಆಗಿದ್ದರೆ? ಕ್ಲಿಯರ್ ಕ್ರೀಕ್ ತಿಳಿಯಾಗಿ, ಚಿಕ್ಕ ಚಿಕ್ಕ ಬ್ರೌನ್ ಟ್ರೌಟ್‌ಗಳು ಮೇಲೆ ತೇಲುವ ಫ್ಲೈಗೆ ಹಾರುತ್ತಿರುತ್ತವೆ. ಜನವರಿಯಲ್ಲಿ ಹೋದರೆ ಮತ್ತೆ ಟೇಲ್‌ವಾಟರ್ ಮಾತ್ರ. ಊರು ಒಂದೇ, ತಿಂಗಳು ಬದಲಾದರೆ ಹೊಳೆಯೂ ಬದಲಾಗುತ್ತದೆ.

ಈ ಹಂತದಲ್ಲಿ ರಾಜ್ಯ ಇಲಾಖೆಯ ಪಟ್ಟಿಗಳನ್ನೂ ನೋಡಿ. ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಕೆಲವು ನೀರುಗಳನ್ನು 'ಗೋಲ್ಡ್ ಮೆಡಲ್' ಎಂದು ಗುರುತಿಸಿದೆ. ಎಕರೆಗೆ 60 ಪೌಂಡ್ ಟ್ರೌಟ್, ಜೊತೆಗೆ 14 ಇಂಚಿಗಿಂತ ದೊಡ್ಡದಾದ 12 ಮೀನುಗಳು ಇರಬೇಕು ಅನ್ನುವುದು ಅದರ ಅಳತೆ. ಪೆನ್ಸಿಲ್ವೇನಿಯಾ ತನ್ನ ಕಾಡು ಟ್ರೌಟ್ ತೊರೆಗಳಲ್ಲಿ ಉತ್ತಮವಾದವನ್ನು 'ಕ್ಲಾಸ್ ಎ' ಎಂದು ಪಟ್ಟಿ ಮಾಡುತ್ತದೆ. ಇವು ಮೀನನ್ನು ಎಣಿಸಿ ಮಾಡಿದ ಪಟ್ಟಿಗಳು. ಯಾರದೋ ರಜೆಯ ಫೋಟೊಗಿಂತ ಇವನ್ನು ನಾನು ಹೆಚ್ಚು ನಂಬುತ್ತೇನೆ. ಇಲಾಖೆಯವರು ಮೀನು ತಂದು ಬಿಡುವ ಜಾಗಗಳ ಪಟ್ಟಿ ಬೇರೆಯೇ ಇರುತ್ತದೆ. ಮಕ್ಕಳ ಜೊತೆ ಹೋಗುವುದಾದರೆ ಅದೇ ಒಳ್ಳೆಯದು.

ಹಂತ 2: ಕ್ಯೂಸೆಕ್ ನೋಡಿ

ಕೆಆರ್‌ಎಸ್‌ನ ಒಳಹರಿವು, ಹೊರಹರಿವು ಓದಿ ಬೆಳೆದವರಿಗೆ ಇದು ಹೊಸದಲ್ಲ. ಅಮೆರಿಕದಲ್ಲೂ ಹೊಳೆಯ ಹರಿವನ್ನು ಕ್ಯೂಸೆಕ್‌ನಲ್ಲೇ ಅಳೆಯುತ್ತಾರೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಅಲ್ಲಿನ ಭೂವಿಜ್ಞಾನ ಸರ್ವೆ ಸಂಸ್ಥೆ ಯುಎಸ್‌ಜಿಎಸ್ ಸಾವಿರಾರು ಹೊಳೆಗಳಲ್ಲಿ ಮಾಪಕ ಇಟ್ಟಿದೆ. ಮೊದಲನೆಯದನ್ನು 1889ರಲ್ಲಿ ನ್ಯೂ ಮೆಕ್ಸಿಕೊದ ಎಂಬುಡೊದಲ್ಲಿ, ರಿಯೊ ಗ್ರಾಂಡೆ ನದಿಯ ಮೇಲೆ ಶುರು ಮಾಡಿದರು. ಈಗ ಫೋನಿನಲ್ಲೇ ಇಂದಿನ ಹರಿವು ಪುಕ್ಕಟೆಯಾಗಿ ಸಿಗುತ್ತದೆ. ಕೊಲರಾಡೊದಲ್ಲಿ ಅನೇಕ ಮಾಪಕಗಳನ್ನು ರಾಜ್ಯದ ಜಲಸಂಪನ್ಮೂಲ ವಿಭಾಗ ನಡೆಸುತ್ತದೆ. ಅದನ್ನೂ ನೋಡಿ.

ಬರೀ ಅಂಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಸೌತ್ ಪ್ಲಾಟ್‌ನ ಡೆಕ್ಕರ್ಸ್ ಬಳಿ 300 ಕ್ಯೂಸೆಕ್ ಅಂದರೆ ನೀರಿಗಿಳಿದು ನಿಲ್ಲಬಹುದಾದ ಹೊಳೆ. ಮೊಂಟಾನಾದ ಮಿಸೂರಿ ನದಿಯಲ್ಲಿ, ಹೋಲ್ಟರ್ ಅಣೆಕಟ್ಟಿನ ಕೆಳಗೆ, 4,000 ಕ್ಯೂಸೆಕ್ ಕೂಡ ಮಾಮೂಲಿ. ಆದ್ದರಿಂದ ಇದೇ ದಿನಾಂಕಕ್ಕೆ ಹಿಂದಿನ ವರ್ಷಗಳ ನಡುಮಟ್ಟ ಎಷ್ಟಿತ್ತು ಎಂದು ಹೋಲಿಸಿ. ಯುಎಸ್‌ಜಿಎಸ್ ಪುಟದಲ್ಲೇ ಅದು ಸಿಗುತ್ತದೆ. ನಡುಮಟ್ಟದ ಹತ್ತಿರ ಇದ್ದರೆ ಒಳ್ಳೆಯ ಲಕ್ಷಣ. ಎರಡು ಪಟ್ಟು ಇದ್ದರೆ ಬೇರೆ ಹೊಳೆ ನೋಡಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಮೀನಿಗೆ ಕಷ್ಟಕಾಲ, ಬಿಟ್ಟುಬಿಡುವುದು ಒಳ್ಳೆಯದು.

ಅಂಕಿಗಿಂತ ಗ್ರಾಫಿನ ಆಕಾರ ಹೆಚ್ಚು ಮಾತಾಡುತ್ತದೆ. ಒಂದು ವಾರದ ಗ್ರಾಫ್ ತೆರೆದು ನೋಡಿ.

ಗರಗಸದ ಹಲ್ಲಿನ ಹಾಗೆ ದಿನಕ್ಕೊಮ್ಮೆ ಏರಿ ಇಳಿದರೆ ಮೇಲೆ ಹಿಮ ಕರಗುತ್ತಿದೆ. ಹಗಲಿನ ಬಿಸಿಲಿಗೆ ಕರಗಿದ ನೀರು ಕೆಳಗೆ ತಲುಪುವಾಗ ಸಂಜೆಯೋ ರಾತ್ರಿಯೋ ಆಗಿರುತ್ತದೆ. ಬೆಳಗ್ಗೆ ಹೊಳೆ ತುಸು ಇಳಿದಿರುತ್ತದೆ, ಆಗ ಹೋಗಿ.

ಮೆಟ್ಟಿಲಿನ ಹಾಗೆ ಥಟ್ಟನೆ ಏರಿ ಅಲ್ಲೇ ನಿಂತಿದ್ದರೆ ಅಣೆಕಟ್ಟಿನವರು ನೀರು ಬಿಟ್ಟಿದ್ದಾರೆ. ಮಟ್ಟ ಬದಲಾದ ಮೊದಲ ದಿನ ಮೀನು ಗಲಿಬಿಲಿಗೊಳ್ಳುತ್ತದೆ, ನೀರಿನಲ್ಲಿ ಕಸಕಡ್ಡಿ ಜಾಸ್ತಿ. ಒಂದೆರಡು ದಿನ ಬಿಟ್ಟರೆ ಸರಿಹೋಗುತ್ತದೆ.

ಒಂದೇ ಚೂಪು ಶಿಖರ ಇದ್ದರೆ ಜೋರು ಮಳೆ ಬಂದಿದೆ. ಶಿಖರದಿಂದ ಇಳಿದು, ನೀರಿನ ಬಣ್ಣ ತಿಳಿಯಾಗುತ್ತಿರುವ ಹೊತ್ತು ಬಹಳ ಒಳ್ಳೆಯದು. ಮಳೆಯಲ್ಲಿ ಕೊಚ್ಚಿ ಬಂದ ಹುಳುಗಳನ್ನು ತಿನ್ನಲು ಮೀನು ದಡಕ್ಕೆ ಬಂದಿರುತ್ತದೆ. ದೊಡ್ಡ ಹೊಳೆ ಇನ್ನೂ ಕೆಂಪಗಿದ್ದರೆ ಅದಕ್ಕೆ ಸೇರುವ ಚಿಕ್ಕ ಹಳ್ಳ ಹಿಡಿದು ಮೇಲಕ್ಕೆ ಹೋಗಿ. ಮೇಲಿನ ಹಳ್ಳಗಳು ಮೊದಲು ತಿಳಿಯಾಗುತ್ತವೆ.

ಗೆರೆ ಹೆಚ್ಚುಕಮ್ಮಿ ಸಪಾಟಾಗಿದ್ದರೆ ಒರತೆಯ ನೀರು ಇರಬಹುದು. ಮಿಕ್ಕ ಹೊಳೆಗಳೆಲ್ಲ ಕೆಟ್ಟಿರುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಹಂತ 3: ನೀರಿನ ಬಿಸಿ ತಿಳಿದುಕೊಳ್ಳಿ

ಕೆಲವು ಮಾಪಕಗಳು ಉಷ್ಣಾಂಶವನ್ನೂ ತೋರಿಸುತ್ತವೆ. ತೋರಿಸದಿದ್ದರೆ ಒಂದು ಸಣ್ಣ ಥರ್ಮಾಮೀಟರ್ ಜೇಬಿನಲ್ಲಿರಲಿ. 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಮುಟ್ಟಿದರೆ ಗಾಳ ಮಡಚಿಡಿ. ಆ ನೀರಿನಲ್ಲಿ ಹಿಡಿದು ಬಿಟ್ಟ ಮೀನು ಈಜಿಕೊಂಡು ಹೋದ ಹಾಗೆ ಕಂಡರೂ ಆಮೇಲೆ ಸಾಯಬಹುದು. ಇದನ್ನು ನಾನು ತುಂಬ ಗಟ್ಟಿಯಾಗಿ ಹೇಳುತ್ತೇನೆ. ಒಂದು ದಿನದ ಖುಷಿಗಾಗಿ ಅಲ್ಲಿನವರ ಹೊಳೆಯನ್ನು ಕೆಡಿಸಿ ಬರುವ ಹಕ್ಕು ನೆಂಟರಾಗಿ ಹೋದ ನಮಗಿಲ್ಲ.

ಮೊಂಟಾನಾದಲ್ಲಿ ಇದಕ್ಕೆ ನಿಯಮವೇ ಇದೆ. ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆ ಹೊಳೆಯನ್ನು ಮಧ್ಯಾಹ್ನ 2ರಿಂದ ಮಧ್ಯರಾತ್ರಿವರೆಗೆ ಮುಚ್ಚಬಹುದು. ಇದನ್ನು ಅಲ್ಲಿ 'ಹೂಟ್ ಔಲ್' ಅನ್ನುತ್ತಾರೆ. ಕೊಲರಾಡೊ ಇಲಾಖೆ ಸ್ವಯಂಪ್ರೇರಿತ ಮುಚ್ಚುವಿಕೆ ಘೋಷಿಸುತ್ತದೆ. ದಂಡ ಇಲ್ಲ, ಆದರೆ ಪಾಲಿಸಿ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಹಿಂದಿನ ರಾತ್ರಿ ಇದನ್ನು ಒಮ್ಮೆ ನೋಡಿಕೊಳ್ಳಲೇಬೇಕು.

ಸುತ್ತಲಿನ ಟ್ರೌಟ್ ನೀರೆಲ್ಲ ಬೆಚ್ಚಗಾಗಿದ್ದರೆ ಬಿಸಿನೀರಿನ ಮೀನು ಹುಡುಕಿ. ವಾಷಿಂಗ್ಟನ್ ಡಿಸಿ ಕಡೆ ಇದ್ದರೆ ಶೆನಂಡೋವಾ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್ ಇದೆ. ಅದೇ ರಾಡ್, ತುಸು ದೊಡ್ಡ ಫ್ಲೈ ಸಾಕು.

ಹಂತ 4: ಎಲ್ಲಿ ನಿಲ್ಲಬಹುದು?

ಹೊಸಬರು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ನಮ್ಮೂರಲ್ಲಿ ಹೊಳೆಗೆ ಇಳಿಯಲು ಯಾರನ್ನೂ ಕೇಳುವ ರೂಢಿಯಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು.

ಮೊಂಟಾನಾದ 1985ರ ಕಾಯ್ದೆಯ ಪ್ರಕಾರ, ಸಾರ್ವಜನಿಕ ಜಾಗದಿಂದ ಹೊಳೆಗೆ ಇಳಿದ ಮೇಲೆ, ಮಾಮೂಲಿ ತುಂಬುನೀರಿನ ಗುರುತಿನ ಒಳಗೆ ನೀವು ನಡೆಯಬಹುದು. ಅಕ್ಕಪಕ್ಕದ ಜಮೀನು ಖಾಸಗಿಯಾದರೂ ಅಡ್ಡಿಯಿಲ್ಲ. ವಿಸ್ಕಾನ್ಸಿನ್‌ನಲ್ಲಿ ಕಾಲು ನೀರಿನಲ್ಲಿರುವವರೆಗೆ ಹೆಚ್ಚುಕಮ್ಮಿ ಇದೇ ಅನುಕೂಲ. ಕೊಲರಾಡೊದಲ್ಲಿ ಹಾಗಲ್ಲ. ಅಲ್ಲಿ ಖಾಸಗಿ ಜಮೀನಿನ ಮೂಲಕ ಹರಿಯುವ ಹೊಳೆಯ ತಳವೂ ಜಮೀನಿನ ಒಡೆಯರದು. ನೀರಿನಲ್ಲಿ ನಿಂತರೂ ಅತಿಕ್ರಮ ಪ್ರವೇಶ ಆಗಬಹುದು.

ಸೌತ್ ಪ್ಲಾಟ್‌ನಲ್ಲೇ ನೋಡಿ. ಚೀಸ್‌ಮನ್ ಕಣಿವೆ ಪೈಕ್ ರಾಷ್ಟ್ರೀಯ ಅರಣ್ಯದೊಳಗಿದೆ. ಗಿಲ್ ಟ್ರೇಲ್ ಅನ್ನುವ ಕಾಲುದಾರಿ ಹಿಡಿದು ಯಾರು ಬೇಕಾದರೂ ಹೋಗಬಹುದು. ಕೆಳಗೆ ಡೆಕ್ಕರ್ಸ್ ಹತ್ತಿರವೂ ಸಾರ್ವಜನಿಕ ಜಾಗ ಧಾರಾಳ. ಇವೆರಡರ ನಡುವೆ ಮಾತ್ರ ಖಾಸಗಿ ಕ್ಲಬ್ಬೊಂದರ ನೀರಿದೆ. ಹೊಳೆ ಹಿಡಿದು ಸುಮ್ನೆ ನಡೆಯುತ್ತ ಹೋದರೆ ಗೊತ್ತಿಲ್ಲದೆ ಗಡಿ ದಾಟುತ್ತೀರಿ.

ಆದ್ದರಿಂದ ಜಮೀನಿನ ಒಡೆತನ ತೋರಿಸುವ ನಕ್ಷೆ ಬಳಸಿ. ಆನ್‌ಎಕ್ಸ್ ಥರದ ಆ್ಯಪ್‌ಗಳು ಇದನ್ನು ಬಣ್ಣದಲ್ಲಿ ತೋರಿಸುತ್ತವೆ. ಕೊಲರಾಡೊ ಇಲಾಖೆಯದೇ ಮೀನುಗಾರಿಕೆ ಅಟ್ಲಾಸ್ ಇದೆ. ಮೊಂಟಾನಾದಲ್ಲಿ ಇಲಾಖೆ ಗುರುತಿಸಿದ ಮುನ್ನೂರಕ್ಕೂ ಹೆಚ್ಚು ಪ್ರವೇಶ ಜಾಗಗಳಿವೆ. ರಾಷ್ಟ್ರೀಯ ಅರಣ್ಯ, ರಾಜ್ಯದ ಪಾರ್ಕು, ಊರಿನ ಪಾರ್ಕು ಇವನ್ನು ಮೊದಲು ನೋಡಿ. ಆಮೇಲೆ ಉಪಗ್ರಹ ಚಿತ್ರದಲ್ಲಿ ರಸ್ತೆ ಬದಿಯ ಪಾರ್ಕಿಂಗ್ ಹುಡುಕಿ. ಫೋನಿಗೆ ನಕ್ಷೆ ಇಳಿಸಿಕೊಂಡೇ ಹೊರಡಿ, ಕಣಿವೆಯಲ್ಲಿ ಸಿಗ್ನಲ್ ಸಿಗುವುದಿಲ್ಲ.

ಇನ್ನೊಂದು ಮಾತು. ಪಾರ್ಕಿಂಗ್‌ನಿಂದ ಇಪ್ಪತ್ತು ನಿಮಿಷ ನಡೆದರೆ ಸಾಕು, ಮುಕ್ಕಾಲು ಪಾಲು ಜನ ಹಿಂದೆ ಉಳಿಯುತ್ತಾರೆ. ನಕ್ಷೆಯಲ್ಲಿ ರಸ್ತೆ ಹೊಳೆಯನ್ನು ಬಿಟ್ಟು ದೂರ ಸರಿಯುವ ಜಾಗ ಗುರುತು ಮಾಡಿಕೊಳ್ಳಿ.

ಹಂತ 5: ಲೈಸೆನ್ಸ್, ನಿಯಮ

ಹೊರರಾಜ್ಯದವರಿಗೆ ಒಂದು ದಿನದ ಲೈಸೆನ್ಸ್ ಹೆಚ್ಚಿನ ರಾಜ್ಯಗಳಲ್ಲಿ ಫೋನಿನಲ್ಲೇ ಸಿಗುತ್ತದೆ. ಟ್ರೌಟ್‌ಗೆ ಬೇರೆ ಪರವಾನಗಿ ಬೇಕೇ ಎಂದು ಕೇಳಲು ಮರೆಯಬೇಡಿ. ಪೆನ್ಸಿಲ್ವೇನಿಯಾ, ಜಾರ್ಜಿಯಾ, ವಿಸ್ಕಾನ್ಸಿನ್‌ಗಳಲ್ಲಿ ಬೇಕು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಅದರದೇ ಪರವಾನಗಿ, ಅಲ್ಲಿ ರಾಜ್ಯದ ಲೈಸೆನ್ಸ್ ನಡೆಯುವುದಿಲ್ಲ. ರಾಕಿ ಮೌಂಟನ್ ಉದ್ಯಾನದಲ್ಲಿ ಕೊಲರಾಡೊ ಲೈಸೆನ್ಸೇ ಸಾಕು.

ನಿಯಮ ಹೊಳೆಗೊಂದು ಇದ್ದರೂ ಸಾಲದು, ಒಂದೇ ಹೊಳೆಯಲ್ಲಿ ಸೇತುವೆಯಿಂದ ಸೇತುವೆಗೆ ಬದಲಾಗುತ್ತದೆ. ಚೀಸ್‌ಮನ್ ಕಣಿವೆಯಲ್ಲಿ ಹಿಡಿದ ಮೀನನ್ನು ಬಿಡಲೇಬೇಕು, ಎರೆಹುಳು ಬಳಸುವಂತಿಲ್ಲ. ಇಲಾಖೆಯ ನಿಯಮ ಪುಸ್ತಕದಲ್ಲಿ ನಿಮ್ಮ ಹೊಳೆಯ ಆ ತುಂಡಿನ ಹೆಸರು ಹುಡುಕಿ ಓದಿ.

ಹಂತ 6: ಫ್ಲೈ ಅಂಗಡಿಗೆ ಹೋಗಿ

ಇಷ್ಟೆಲ್ಲ ಮಾಡಿದ ಮೇಲೆ ಹೋಗಿ, ಮೊದಲೇ ಬೇಡ. "ಎಲ್ಲಿ ಮೀನು ಸಿಗುತ್ತೆ?" ಎಂದು ಕೇಳಿದರೆ ಎಲ್ಲರಿಗೂ ಹೇಳುವ ಜಾಗವನ್ನೇ ಹೇಳುತ್ತಾರೆ. "ಡೆಕ್ಕರ್ಸ್‌ನಲ್ಲಿ ಹರಿವು ಮೊನ್ನೆ ಏರಿದೆಯಲ್ಲ, ನೀರು ತಿಳಿಯಾಗಿದೆಯಾ? ಇಲ್ಲ ಅಂದರೆ ಬಿಗ್ ಥಾಂಪ್ಸನ್ ನೋಡಲಾ?" ಎಂದು ಕೇಳಿ ನೋಡಿ. ನೀವು ಹೋಮ್‌ವರ್ಕ್ ಮಾಡಿ ಬಂದಿದ್ದೀರಿ ಎಂದು ತಿಳಿದರೆ ಅವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಯಾವ ಹೊತ್ತಿಗೆ ಯಾವ ಕೀಟ ಹೊರಬರುತ್ತಿದೆ, ಯಾವ ಅಳತೆಯ ಫ್ಲೈ ಬೇಕು, ಕಾಲಿಡಬಾರದ ಜಾಗ ಯಾವುದು, ಈ ಮೂರನ್ನು ತಪ್ಪದೆ ಕೇಳಿ. ಅವರು ತೋರಿಸಿದ ಫ್ಲೈಗಳನ್ನು ಅಲ್ಲೇ ಕೊಳ್ಳಿ. ಅವರ ಸಮಯಕ್ಕೆ ಅಷ್ಟಾದರೂ ಕೊಡಬೇಕು.

ಆ ಊರಿನಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಶಾಖೆ ಇದ್ದರೆ ಅವರನ್ನೂ ಕೇಳಿ. 1959ರಲ್ಲಿ ಮಿಶಿಗನ್‌ನ ಓ ಸೇಬಲ್ ನದಿಯ ದಡದಲ್ಲಿ ಹುಟ್ಟಿದ ಸಂಸ್ಥೆ ಅದು. ಹೊಳೆಗಳನ್ನು ಸರಿಪಡಿಸುವ ಕೆಲಸ ಮಾಡುತ್ತಾರೆ. ಯಾವ ತೊರೆ ಚೇತರಿಸಿಕೊಂಡಿದೆ, ಯಾವುದು ಸೊರಗಿದೆ ಎಂದು ಅವರಿಗೆ ಗೊತ್ತಿರುತ್ತದೆ. ಇದು ಮುಖ್ಯ. 2002ರ ಹೇಮನ್ ಕಾಡ್ಗಿಚ್ಚಿನ ಮೇಲೆ ಚೀಸ್‌ಮನ್ ಸುತ್ತಲಿನ ಬೋಳುಗುಡ್ಡಗಳಿಂದ ಮಣ್ಣು ಕೊಚ್ಚಿ ಬಂದು ಸೌತ್ ಪ್ಲಾಟ್‌ಗೆ ತುಂಬ ಪೆಟ್ಟು ಕೊಟ್ಟಿತು. ಹಳೆಯ ಬರಹ ನಂಬಿ ಹೋಗುವವರಿಗೆ ಇಂಥ ಸಂಗತಿ ತಿಳಿಯುವುದಿಲ್ಲ.

ದುಡ್ಡು ಇದ್ದರೆ ಅರ್ಧ ದಿನಕ್ಕೆ ಗೈಡ್ ಗೊತ್ತು ಮಾಡಿಕೊಳ್ಳಿ. ಅದೂ ಪ್ರವಾಸದ ಮೊದಲ ದಿನವೇ. ಉಳಿದ ದಿನಗಳಿಗೆ ಅದರ ಪಾಠ ಬರುತ್ತದೆ.

ಹಂತ 7: ಹೊಳೆ ಮುಟ್ಟಿದ ಮೇಲೆ

ರಾಡ್ ಜೋಡಿಸುವ ಮೊದಲು ಕಾಲು ಗಂಟೆ ನೋಡಿ. ನೀರು ಮುಟ್ಟಿ ಉಷ್ಣಾಂಶ ಅಳೆಯಿರಿ. ಎರಡು ಅಡಿ ಆಳದಲ್ಲಿ ಕಲ್ಲು ಕಾಣುತ್ತದೆಯೇ? ಕಂಡರೆ ತಿಳಿಯಾಗಿದೆ ಎಂದರ್ಥ.

ದಡದ ಹತ್ತಿರದ ಒಂದು ಕಲ್ಲನ್ನು ಎತ್ತಿ, ಮಗುಚಿ ನೋಡಿ. ಚಪ್ಪಟೆಯಾಗಿ ಹರಿದಾಡುವ ಮೇಫ್ಲೈ ಮರಿ, ಮರಳು ಅಂಟಿಸಿದ ಗೂಡಿನೊಳಗಿನ ಕ್ಯಾಡಿಸ್, ಎರಡು ಬಾಲದ ಸ್ಟೋನ್‌ಫ್ಲೈ, ಈ ಹುಳುಗಳೆಲ್ಲ ಇದ್ದರೆ ಹೊಳೆ ಆರೋಗ್ಯವಾಗಿದೆ. ಸ್ಟೋನ್‌ಫ್ಲೈಗೆ ಶುದ್ಧವಾದ, ಆಮ್ಲಜನಕ ತುಂಬಿದ ನೀರೇ ಬೇಕು. ಕಲ್ಲು ಪೂರ್ತಿ ಬರಿದಾಗಿದ್ದರೆ ಇನ್ನೂ ಎರಡು ಕಡೆ ನೋಡಿ. ಅಲ್ಲೂ ಬರಿದಾಗಿದ್ದರೆ ಕಾರು ಹತ್ತಿ. ನೋಡಿದ ಕಲ್ಲನ್ನು ಇದ್ದ ಹಾಗೇ ವಾಪಸ್ ಇಡಿ.

ಟೇಲ್‌ವಾಟರ್‌ನಲ್ಲಿ ಮಿಡ್ಜ್ ಎಂಬ ಪುಟ್ಟ ನೊಣವೇ ಮುಖ್ಯ ಆಹಾರ. ಅಲ್ಲಿ 18ರಿಂದ 24ರ ಅಳತೆಯ ಸಣ್ಣ ಫ್ಲೈ ಬೇಕು (ಅಂಕಿ ದೊಡ್ಡದಾದಷ್ಟೂ ಫ್ಲೈ ಚಿಕ್ಕದು). ಕೊಲರಾಡೊದ ಫ್ರೈಯಿಂಗ್‌ಪ್ಯಾನ್ ನದಿಯಲ್ಲಿ ಇನ್ನೊಂದು ವಿಶೇಷವಿದೆ. ರೂಡೈ ಅಣೆಕಟ್ಟಿನ ತೂಬಿನಿಂದ ಮೈಸಿಸ್ ಎಂಬ ಸಣ್ಣ ಸೀಗಡಿ ಹೊರಬರುತ್ತದೆ. ಅದನ್ನು ತಿಂದು ಅಣೆಕಟ್ಟಿನ ಬುಡದ ಟ್ರೌಟ್‌ಗಳು ದಷ್ಟಪುಷ್ಟವಾಗಿ ಬೆಳೆಯುತ್ತವೆ. ಬೆಟ್ಟದ ಹಳ್ಳಗಳ ಮೀನು ಅಷ್ಟು ಆರಿಸಿ ತಿನ್ನುವುದಿಲ್ಲ. 14ರ ಅಳತೆಯ ಆಡಮ್ಸ್ ಅಥವಾ ಎಲ್ಕ್ ಹೇರ್ ಕ್ಯಾಡಿಸ್ ಎಂಬ ಫ್ಲೈ ಸಾಕು.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಹಾಕಿದ್ದೀರಾ? ಹಾಗಿದ್ದರೆ ಮುಖ್ಯ ಪಾಠ ಆಗಲೇ ಕಲಿತಿದ್ದೀರಿ. ಹರಿಯುವ ನೀರಿನಲ್ಲಿ ಮೀನು ಸೆಳವಿಗೆ ಮುಖ ಕೊಟ್ಟು ನಿಲ್ಲುತ್ತದೆ. ಊಟ ಅದರ ಕಡೆಗೇ ತೇಲಿ ಬರಬೇಕು, ಅದಕ್ಕೆ ಶ್ರಮವೂ ಕಡಿಮೆಯಾಗಬೇಕು. ಹಾಗಾಗಿ ಜೋರು ನೀರು ಮತ್ತು ನಿಧಾನ ನೀರು ಸೇರುವ ಅಂಚು, ಬಂಡೆಯ ಹಿಂದಿನ ಮತ್ತು ಮುಂದಿನ ಸುಳಿ, ಕೊರೆದ ದಡದ ಅಡಿ, ಮಡುವಿನ ಬಾಯಿ, ಇಲ್ಲೆಲ್ಲ ಹುಡುಕಿ. ಬೇಸಿಗೆಯ ಮಧ್ಯಾಹ್ನ ಆಮ್ಲಜನಕಕ್ಕಾಗಿ ಕಲ್ಲುಗಳ ಮೇಲೆ ನೊರೆ ಏಳುತ್ತ ಓಡುವ ತೆಳು ನೀರಿಗೆ ಬರುತ್ತವೆ. ಚಳಿಗಾಲದಲ್ಲಿ ಆಳದ ನಿಧಾನ ನೀರಿನಲ್ಲಿ ಕೂರುತ್ತವೆ. ಕೆಳಗಿನಿಂದ ಮೇಲಕ್ಕೆ ಹೋಗಿ, ಮೀನಿನ ಬೆನ್ನ ಹಿಂದೆ ಇರುತ್ತೀರಿ.

ಒಂದೇ ಮಡುವಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಡಿ. ಹೊಸ ಹೊಳೆಯಲ್ಲಿ ನಡೆದಷ್ಟೂ ಲಾಭ. ಎರಡು ಗಂಟೆಯಾದರೂ ಒಂದು ಮೀನೂ ಕಾಣದಿದ್ದರೆ ಎರಡನೇ ಹೊಳೆಗೆ ಹೋಗಿ. ಅದಕ್ಕೇ ಹಿಂದಿನ ರಾತ್ರಿಯೇ ಬೇರೆ ಥರದ ಮೂಲ ಇರುವ ಇನ್ನೊಂದು ಹೊಳೆಯನ್ನು ಆರಿಸಿಟ್ಟಿರಬೇಕು. ಮೊದಲನೆಯದು ಫ್ರೀಸ್ಟೋನ್ ಆದರೆ ಎರಡನೆಯದು ಟೇಲ್‌ವಾಟರ್ ಆಗಿರಲಿ. ಮಳೆಯೋ ಹಿಮವೋ ಎರಡನ್ನೂ ಒಟ್ಟಿಗೆ ಕೆಡಿಸುವುದು ಕಡಿಮೆ.

ಜೀವಕ್ಕೆ ಸಂಬಂಧಿಸಿದ್ದು

ಅಣೆಕಟ್ಟಿನ ಕೆಳಗೆ ನೀರು ಯಾವಾಗ ಬಿಡುತ್ತಾರೆ ಎಂದು ತಿಳಿಯದೆ ಇಳಿಯಬೇಡಿ. ಬ್ಯೂಫರ್ಡ್ ಅಣೆಕಟ್ಟಿನಲ್ಲಿ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಚಾಟಹೂಚಿ ಬಲು ಬೇಗ ಏರುತ್ತದೆ. ಅಲ್ಲಿ ಸೈರನ್ ಇದೆ, ವೇಳಾಪಟ್ಟಿ ತಿಳಿಸುವ ಫೋನ್ ನಂಬರೂ ಇದೆ. ಅಣೆಕಟ್ಟಿಗೆ ತಾಗಿದ ಭಾಗದಲ್ಲಿ ಲೈಫ್ ಜಾಕೆಟ್ ಕಡ್ಡಾಯ. ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಮುಳುಗಿದರೆ ಆ ಕ್ಷಣವೇ ದಡಕ್ಕೆ ಬನ್ನಿ.

ಕೊಲರಾಡೊದ ಬೆಟ್ಟಗಳಲ್ಲಿ ಜುಲೈ, ಆಗಸ್ಟ್ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚು ಮಾಮೂಲಿ. ಗ್ರಾಫೈಟ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಕಾರಿಗೆ ಹೋಗಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯವರಿಗೆ ಹೇಳಿ ಹೊರಡಿ.

ಹೊಳೆ ಬಿಡುವಾಗ

ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಟ್ಟಿದ್ದರೆ ಇದು ಸಲೀಸು. ಬ್ರೌನ್ ಮತ್ತು ಬ್ರೂಕ್ ಟ್ರೌಟ್ ಶರತ್ಕಾಲದಲ್ಲಿ, ರೇನ್‌ಬೋ ಮತ್ತು ಕಟ್‌ತ್ರೋಟ್ ವಸಂತದಲ್ಲಿ ಮೊಟ್ಟೆ ಇಡುತ್ತವೆ. ಆಗ ಹೊಳೆಯ ತಳದಲ್ಲಿ ತೊಳೆದ ಹಾಗೆ ಬೆಳ್ಳಗೆ ಕಾಣುವ ಜಲ್ಲಿಯ ತಟ್ಟೆಗಳಿರುತ್ತವೆ. ಅಲ್ಲಿ ಕಾಲಿಡಬೇಡಿ, ಅಲ್ಲಿನ ಮೀನಿಗೆ ಗಾಳವನ್ನೂ ಹಾಕಬೇಡಿ.

ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗ್ತಾ ಇರುವ ನಮ್ಮಂಥ ಪ್ರವಾಸಿಗರೇ ರೋಗ ಹರಡುವುದು. ಟ್ರೌಟ್‌ಗೆ ಬರುವ ವರ್ಲಿಂಗ್ ರೋಗದ ಸೂಕ್ಷ್ಮಜೀವಿ, ನ್ಯೂಜಿಲೆಂಡ್ ಮಡ್‌ಸ್ನೇಲ್ ಎಂಬ ಸಾಸಿವೆ ಗಾತ್ರದ ಬಸವನಹುಳು, ಇವೆಲ್ಲ ಬೂಟಿನ ಕೆಸರಿನಲ್ಲಿ ಪ್ರಯಾಣ ಮಾಡುತ್ತವೆ. ಬೂಟು, ವೇಡರ್ (ನೀರಿಗಿಳಿಯುವಾಗ ಹಾಕುವ, ನೀರು ನುಗ್ಗದ ಉಡುಪು), ಬಲೆ ಮೂರನ್ನೂ ಹೊಳೆಯ ದಡದಲ್ಲೇ ಉಜ್ಜಿ ಕೆಸರು ತೆಗೆಯಿರಿ. ಆಮೇಲೆ ಪೂರ್ತಿ ಒಣಗಿಸಿ. ಒಣಗಿಸಲು ದಿನ ಸಾಲದಿದ್ದರೆ ಎರಡನೇ ಹೊಳೆಗೆ ಆ ಊರಿನ ಅಂಗಡಿಯಿಂದ ಬಾಡಿಗೆ ಬೂಟು ತೆಗೆದುಕೊಳ್ಳಿ. ಫೆಲ್ಟ್ (ಒತ್ತಿದ ಉಣ್ಣೆಯಂಥ ದಪ್ಪ ಬಟ್ಟೆ) ಅಟ್ಟೆಯ ಬೂಟು ಬೇಗ ಒಣಗುವುದಿಲ್ಲ. ಯೆಲ್ಲೊಸ್ಟೋನ್‌ನಲ್ಲಿ ಅದನ್ನು ನಿಷೇಧಿಸಿದ್ದಾರೆ. ಹೊಸದಾಗಿ ಕೊಳ್ಳುವುದಾದರೆ ರಬ್ಬರ್ ಅಟ್ಟೆಯದನ್ನೇ ಕೊಳ್ಳಿ.